ಬಡಚೋನಿ ಗುಡ್ಡದ ನೀಲಿತೊಟ್ಟಿನ ದ್ರಾಕ್ಷಿ
ಹಂಗೇರಿಯ ಸಣ್ಣ ಹಿಡುವಳಿದಾರರಿಂದ ತಿಳಿಯತಕ್ಕ ಕೆಲವು ವಿಷಯಗಳು

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

೧. ಪೀಠಿಕೆ

ಯಾವುದಾದರೊಂದು ಬೆಳೆಯ ತಳಿಯು ಕಡಮೆ ಫಲ ಕೊಡುವುದೆಂದು ಕಂಡುಬಂದ ಕೂಡಲೇ ಅದನ್ನು ಕಿತ್ತುಹಾಕಿ, ಹೆಚ್ಚು ಫಲ ಕೊಡುವ ಬೇರೊಂದನ್ನು ನೆಡಬೇಕೆಂದು ತೋರುವುದು ಜಮೀನುದಾರನಿಗೆ ಸಹಜವೇ ಆಗಿದೆ. ಅದು ತಪ್ಪೆಂದು ಮೊದಲಲ್ಲಿಯೇ ಹೇಳಿಬಿಡುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಏಕೆಂದರೆ ಕಂದಾಯ ಕಟ್ಟತಕ್ಕವನೂ, ಸಾಲದ ಬಡ್ಡಿಯನ್ನು ತೆರತಕ್ಕವನೂ ಅವನೇ. ಆದರೆ ಫಲವು ಏತಕ್ಕೆ ಕಡಮೆಯಾಯಿತೆಂಬುದನ್ನು ವಿಚಾರಿಸದೆ ಕಿತ್ತುಹಾಕಿದಲ್ಲಿ, ಮುಂದೆ ಎಷ್ಟು ಹಣ ಸುರಿದರೂ ಮರಳಿ ದೊರೆಯದ ವಸ್ತುವು ಕೈತಪ್ಪಿ ಹೋಗುವ ಸಂಭವವುಂಟು.

ಈ ಲೇಖಕನು ಇಲಾಖೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗ್ರಾಮದ ದೊಡ್ಡ ಜಮೀನುದಾರರ ಪರಂಗಿ ತೋಟವನ್ನು ನೋಡಲು ಹೋಗಿದ್ದನು. ತೋಟದಲ್ಲಿ ಗಂಡುಮರಗಳು ಬಹಳವಿದ್ದುದರಿಂದ, "ಇವು ಕಾಯಿ ಕೊಡುವುದಿಲ್ಲ, ಗೊಬ್ಬರವನ್ನು ಮಾತ್ರ ತಿನ್ನುತ್ತವೆ, ತೆಗೆಸಿಬಿಡಿ" ಎಂದು ಹೇಳಿ, ಹತ್ತು ಹದಿನೈದು ಹೆಣ್ಣುಮರಗಳಿಗೆ ಒಂದರಂತೆ ಗಂಡುಮರವನ್ನು ಉಳಿಸಬೇಕೆಂಬ ಮುಖ್ಯವಾದ ಮಾತನ್ನು ಹೇಳಲು ಮರೆತು ಬಂದನು. ಮುಂದಿನ ಸಾರಿ ಹೋದಾಗ ಹೆಣ್ಣುಮರಗಳೆಲ್ಲ ಹೂ ಬಿಟ್ಟು ಉದುರಿಸಿ ಬರಿದಾಗಿ ನಿಂತಿದ್ದುವು. ಆ ಯಜಮಾನರು ಕೋಪಗೊಳ್ಳದೆ, "ಸ್ವಾಮೀ, ತಾವು ಹೇಳಿದಂತೆಯೇ ಮಾಡಿಸಿದೆ" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ಮನಸ್ಸಿನಲ್ಲಿ ನಾಟಿರುವುದು. ಇದೇ ಬಗೆಯ ತಪ್ಪು ಯೂರೋಪು ಖಂಡದ ಹಂಗೇರಿ ದೇಶದಲ್ಲಿ ಒಂದು ಅಮೂಲ್ಯವಾದ ದ್ರಾಕ್ಷಿಯ ತಳಿಯನ್ನು ನಾಶದ ಅಂಚಿಗೆ ತಂದ ಸಂಗತಿಯನ್ನೂ, ಅಲ್ಲಿಯ ಸಣ್ಣ ಹಿಡುವಳಿದಾರರು ಅದನ್ನು ಉಳಿಸಿಕೊಂಡ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಲಾಗುವುದು.

ದ್ರಾಕ್ಷಾಮದ್ಯದ ಪಾನವನ್ನು ಪ್ರೋತ್ಸಾಹಿಸುವುದು ಈ ಲೇಖನದ ಉದ್ದೇಶವಲ್ಲ. ಬೆಳೆಯ ಸ್ವಭಾವ, ನಾಟಿಯ ಕ್ರಮ, ಆದಾಯವೆಚ್ಚದ ಲೆಕ್ಕ, ರೈತರ ಒಕ್ಕಟ್ಟು ಇವುಗಳನ್ನು ಕುರಿತ ತಿಳಿವಳಿಕೆಯೇ ಇಲ್ಲಿ ಮುಖ್ಯವಾದದ್ದು.

೨. ಸ್ಥಳದ ಸ್ವರೂಪ

ಹಂಗೇರಿ ದೇಶದ ಪಶ್ಚಿಮ ಭಾಗದಲ್ಲಿ ಬಾಲಾಟನ್ ಎಂಬ ವಿಶಾಲವಾದ ಸಿಹಿನೀರಿನ ಸರೋವರವಿದೆ. ಇದರ ಉದ್ದವು ಸುಮಾರು ೭೭ ಕಿಲೋಮೀಟರು. ವಿಸ್ತೀರ್ಣವು ಸುಮಾರು ೫೯೦ ಚದರ ಕಿಲೋಮೀಟರು. ಇಷ್ಟು ದೊಡ್ಡದಾದರೂ ಇದರ ಸರಾಸರಿ ಆಳವು ೩ ಮೀಟರಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಈ ಸರೋವರದ ಉತ್ತರ ದಡದಲ್ಲಿ, ತಲೆಯನ್ನು ಕತ್ತರಿಸಿದಂತೆ ಮೇಲೆ ಚಪ್ಪಟೆಯಾದ ಬಡಚೋನಿ ಎಂಬ ಗುಡ್ಡವು ಸಮುದ್ರಮಟ್ಟಕ್ಕೆ ಸುಮಾರು ೪೩೭ ಮೀಟರು ಎತ್ತರವಾಗಿ ನಿಂತಿರುವುದು. ಪೂರ್ವದಲ್ಲಿ ಆ ಸೀಮೆಯೆಲ್ಲವೂ ಪನ್ನೋನಿಯ ಸಮುದ್ರವೆಂದು ಹೇಳಲ್ಪಡುವ ಜಲರಾಶಿಯ ತಳವಾಗಿತ್ತು. ಆ ತಳದ ಮರಳು ಮತ್ತು ಜೇಡಿಯ ಮೇಲೆ ಹಲವು ಲಕ್ಷ ವರ್ಷಗಳ ಹಿಂದೆ ಅಗ್ನಿಪರ್ವತದ ಕರಗಿದ ಶಿಲೆಯು ಹರಿದು ಗಟ್ಟಿಯಾಯಿತು. ಸುತ್ತಲಿನ ಮೃದುವಾದ ನೆಲವು ಗಾಳಿಮಳೆಗಳಿಂದ ಸವೆದುಹೋಗಿ, ಕಪ್ಪುಕಲ್ಲಿನ ಟೋಪಿ ಧರಿಸಿದ್ದ ಭಾಗವು ಮಾತ್ರ ಗುಡ್ಡವಾಗಿ ಉಳಿಯಿತು.

ದ್ರಾಕ್ಷಿಗೆ ಈ ಸ್ಥಳದಿಂದ ಮೂರು ವಿಧವಾದ ಪ್ರಯೋಜನಗಳುಂಟು. ಮೊದಲನೆಯದಾಗಿ, ಇಳಿಜಾರಿನಲ್ಲಿ ಕಪ್ಪುಕಲ್ಲಿನ ಚೂರುಗಳು ಬೆರೆತ ಮಣ್ಣು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಡುವುದು. ಎರಡನೆಯದಾಗಿ, ಸರೋವರದ ನೀರು ಚಳಿಯ ಮತ್ತು ಸೆಕೆಯ ತೀವ್ರತೆಯನ್ನು ತಗ್ಗಿಸುವುದು. ಮೂರನೆಯದಾಗಿ, ದಕ್ಷಿಣಕ್ಕೆ ಮುಖವಾದ ಇಳಿಜಾರಿಗೆ ನೇರವಾದ ಬಿಸಿಲಲ್ಲದೆ ನೀರಿನಿಂದ ಪ್ರತಿಫಲಿಸಿದ ಬೆಳಕೂ ದೊರೆಯುವುದು. ಬಾಲಾಟನ್ನಿನ ಕನ್ನಡಿಯಲ್ಲಿ ತನ್ನ ಮುಖವನ್ನು ತಾನೇ ನೋಡಿಕೊಳ್ಳುವ ಬಳ್ಳಿಯೇ ಒಳ್ಳೆಯ ಹಣ್ಣು ಕೊಡುವುದೆಂದು ಅಲ್ಲಿಯ ರೈತರು ಹೇಳುವುದುಂಟು.

ನಮ್ಮ ಸೀಮೆಯ ದ್ರಾಕ್ಷಿಬಳ್ಳಿಗೂ ಅಲ್ಲಿಯದಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯೆಂಬುದಿಲ್ಲ. ಆದಕಾರಣ ಬೇಸಗೆಯ ಆರಂಭದಲ್ಲಿ ಒಂದು ಸಾರಿ, ಮಳೆಗಾಲ ಕಳೆದ ಮೇಲೆ ಒಂದು ಸಾರಿ, ಹೀಗೆ ವರ್ಷಕ್ಕೆರಡು ಸಾರಿ ಸವರುವುದು ವಾಡಿಕೆ. ಹಂಗೇರಿಯಲ್ಲಿ ಬಳ್ಳಿಯು ಹಿಮಗಾಲದಲ್ಲಿ ಎಲೆ ಉದುರಿಸಿ ಮಲಗುವುದು. ಚಳಿಗಾಲದ ಕೊನೆಯಲ್ಲಿ ಒಂದೇ ಸಾರಿ ಸವರುವರು. ಏಪ್ರಿಲಿನಲ್ಲಿ ಚಿಗುರು, ಜೂನ್ ತಿಂಗಳಲ್ಲಿ ಹೂ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಕೊಯ್ಲು.

೩. ತಳಿಯ ಲಕ್ಷಣಗಳು

ಈ ಗುಡ್ಡಕ್ಕೇ ವಿಶೇಷವಾಗಿ ಸೇರಿದ ಬಿಳಿಯ ದ್ರಾಕ್ಷಿಯ ಹೆಸರು ಕೇಕ್‌ನ್ಯೆಲು. ಹಂಗೇರಿಯವರ ಭಾಷೆಯಲ್ಲಿ ಈ ಮಾತಿಗೆ ನೀಲಿತೊಟ್ಟಿನದು ಎಂದರ್ಥ. ಎಲೆಯ ತೊಟ್ಟಿನಲ್ಲಿ ನೀಲಿಗೆಂಪಿನ ಛಾಯೆ ಕಾಣುವುದರಿಂದ ಈ ಹೆಸರು ಬಂದಿರುವುದು. ಹಂಗೇರಿಯಲ್ಲಿ ಒಂದೊಂದು ಸೀಮೆಯೂ ತನ್ನದೇ ಆದ ಬಿಳಿಯ ದ್ರಾಕ್ಷಿಗೆ ಪ್ರಸಿದ್ಧವಾಗಿದೆ. ಟೋಕಾಯ್ ಸೀಮೆಗೆ ಫುರ್ಮಿಂಟ್ ಹೇಗೋ, ಶೋಮ್ಲೋ ಗುಡ್ಡಕ್ಕೆ ಕುರಿಯ ಬಾಲದಂತೆ ನೀಳವಾದ ಗೊಂಚಲಿನ ಯುಹ್‌ಫಾರ್ಕ್ ಹೇಗೋ, ಬಡಚೋನಿಗೆ ಕೇಕ್‌ನ್ಯೆಲು ಹಾಗೆ. ಇಟಲಿ ದೇಶದ ಪಿಕೋಲಿತ್ ಎಂಬ ತಳಿಯೂ ಇದೂ ಒಂದೇ ಎಂದು ಪಂಡಿತರು ಬಹುಕಾಲ ಭಾವಿಸಿದ್ದರು. ಇತ್ತೀಚೆಗೆ ವಂಶವಾಹಿಗಳ ಪರೀಕ್ಷೆಯಿಂದ ಇವೆರಡೂ ಬೇರೆಬೇರೆಯೆಂದು ಸ್ಥಿರಪಟ್ಟಿದೆ.

ಇದರ ಗೊಂಚಲು ದಟ್ಟವಲ್ಲ, ಹಣ್ಣುಗಳು ಬಿಡಿಬಿಡಿಯಾಗಿರುವುವು. ರಸದಲ್ಲಿ ಹುಳಿಯು ಚೆನ್ನಾಗಿ ನಿಲ್ಲುವುದು. ಇದರಿಂದಾದ ಮದ್ಯವು ಹೊಸದಾಗಿದ್ದಾಗ ಬಿಗಿಯಾಗಿದ್ದು, ಕೆಲವು ವರ್ಷ ಇಟ್ಟ ಮೇಲೆ ಗುಣವು ಏರುವುದೆಂದು ಪ್ರಸಿದ್ಧಿ. ಇಷ್ಟೆಲ್ಲಾ ಗುಣಗಳಿದ್ದೂ ಇದು ಏಕೆ ಮೂಲೆಗೆ ಬಿತ್ತೆಂಬುದಕ್ಕೆ ಉತ್ತರವು ಇದರ ಹೂವಿನಲ್ಲಿದೆ.

೪. ಹೂವಿನ ದೋಷ

ಸಾಗುವಳಿಯಲ್ಲಿರುವ ದ್ರಾಕ್ಷಿಗಳಲ್ಲಿ ಬಹುಭಾಗವು ಉಭಯಲಿಂಗದ ಹೂವುಳ್ಳವು. ಅಂದರೆ ಒಂದೇ ಹೂವಿನಲ್ಲಿ ನಡುವೆ ಅಂಡಕೋಶವೂ, ಸುತ್ತ ನೆಟ್ಟಗೆ ನಿಂತ ಐದು ಕೇಸರಗಳೂ ಇರುವುವು. ಹೂವಿನ ಮೇಲಿನ ಹಸುರು ಮುಚ್ಚಳವು ಟೋಪಿಯಂತೆ ಕಳಚಿಬಿದ್ದ ಕೂಡಲೇ ಕೇಸರದ ಧೂಳಿಯು ಪಕ್ಕದಲ್ಲಿಯೇ ಇರುವ ಅಂಡಕೋಶದ ತುದಿಗೆ ತಗುಲಿ ಕಾಯಿ ಕಟ್ಟುವುದು. ಕಾಡುದ್ರಾಕ್ಷಿಯಲ್ಲಿಯಾದರೋ ಗಂಡುಬಳ್ಳಿ, ಹೆಣ್ಣುಬಳ್ಳಿ ಬೇರೆಬೇರೆ. ಮನುಷ್ಯರು ಸಾವಿರಾರು ವರ್ಷಗಳಿಂದ ಹೆಚ್ಚು ಕಾಯಿ ಕೊಡುವ ಬಳ್ಳಿಗಳನ್ನೇ ಆರಿಸಿ ನೆಡುತ್ತ ಬಂದುದರಿಂದ ಉಭಯಲಿಂಗದ ತಳಿಗಳು ತೋಟಗಳಲ್ಲಿ ಹರಡಿದುವು.

ಕೇಕ್‌ನ್ಯೆಲುವಿನ ಹೂವನ್ನು ನೋಡಿದರೆ ಕೇಸರಗಳಿದ್ದಂತೆಯೇ ತೋರುವುದು. ಆದರೆ ಅವು ನೆಟ್ಟಗೆ ನಿಲ್ಲದೆ ಹೊರಕ್ಕೂ ಕೆಳಕ್ಕೂ ಬಾಗಿರುವುವು. ಅವುಗಳ ಧೂಳಿಗೆ ಮೊಳೆಯುವ ಶಕ್ತಿಯಿಲ್ಲ. ಆದಕಾರಣ ಈ ತಳಿಯು ನೋಟಕ್ಕೆ ಉಭಯಲಿಂಗಿಯಾದರೂ ಕಾರ್ಯದಲ್ಲಿ ಕೇವಲ ಹೆಣ್ಣು. ದ್ರಾಕ್ಷಿಯನ್ನು ಬೀಜದಿಂದಲ್ಲದೆ ಕಡ್ಡಿಯಿಂದ ವೃದ್ಧಿಮಾಡುವುದರಿಂದ, ಒಂದು ತಾಯಿಬಳ್ಳಿಯ ಈ ಸ್ವಭಾವವು ಅದರಿಂದ ತೆಗೆದ ಪ್ರತಿಯೊಂದು ಬಳ್ಳಿಗೂ ತಪ್ಪದೆ ಬರುವುದು. ಗೊಬ್ಬರದಿಂದಾಗಲಿ, ಸವರುವುದರಿಂದಾಗಲಿ, ಔಷಧದಿಂದಾಗಲಿ ಇದನ್ನು ತಿದ್ದಲಾಗದು.

ಬೇರೆ ತಳಿಯ ಧೂಳಿಯು ಹತ್ತಿರದಲ್ಲಿ ದೊರೆಯದಿದ್ದಲ್ಲಿ ಹೂಗಳು ಉದುರಿಹೋಗುವುವು. ಇಲ್ಲವೆ ಬೀಜವಿಲ್ಲದ ಸಣ್ಣ ಜಳ್ಳುಕಾಯಿಗಳು ಗೊಂಚಲಿನಲ್ಲಿ ಉಳಿಯುವುವು. ಧೂಳಿಯು ದೊರೆಯುವ ಸ್ಥಳದಲ್ಲಿಯೂ ಜೂನ್ ತಿಂಗಳ ಹೂಗಾಲದಲ್ಲಿ ಚಳಿಮಳೆ ಬಂದರೆ, ಧೂಳಿಯು ತೊಯ್ದು ಹಾರಲಾರದೆ ಹೋಗಿ ಆ ವರ್ಷದ ಫಲವು ಬಹಳ ತಗ್ಗುವುದು. ಒಂದು ವರ್ಷ ಸಾಧಾರಣವಾದ ಫಲ, ಮರುವರ್ಷ ಬರಿಯ ಕಡ್ಡಿ ಎಂಬಂತಾದರೆ ಯಾವ ರೈತನ ಧೈರ್ಯವೂ ಕುಗ್ಗುವುದು.

೫. ಹಿಂದಿನವರು ಕಂಡುಕೊಂಡ ಉಪಾಯ

ಹೂವಿನ ಶಾಸ್ತ್ರವನ್ನು ಓದದಿದ್ದ ಹಿಂದಿನ ಬಡಚೋನಿಯ ರೈತರು ಅನುಭವದಿಂದಲೇ ಇದಕ್ಕೆ ಪರಿಹಾರವನ್ನು ಕಂಡುಕೊಂಡಿದ್ದರು. ಅವರು ಕೇಕ್‌ನ್ಯೆಲುವಿನ ಸಾಲಿನ ಪಕ್ಕದಲ್ಲಿ ಬುಡೈ ಜೋಲ್ಡ್, ಎಂದರೆ ಬುಡಾ ಪಟ್ಟಣದ ಹಸುರು, ಎಂಬ ಮತ್ತೊಂದು ಹಳೆಯ ತಳಿಯನ್ನು ನೆಡುತ್ತಿದ್ದರು. ಬುಡೈ ಜೋಲ್ಡಿನ ಮದ್ಯವು ಹುಳಿ ಹೆಚ್ಚಾಗಿ ಸಾಧಾರಣವಾದದ್ದೆಂದು ಎಣಿಸಲ್ಪಟ್ಟಿದೆ. ಆದರೂ ಇದು ಕೇಕ್‌ನ್ಯೆಲು ಅರಳುವ ಸಮಯದಲ್ಲಿಯೇ ಅರಳುವುದು, ಧೂಳಿಯು ಸತ್ತ್ವವುಳ್ಳದ್ದು. ಒಂದು ಸಾಲು ಅದು, ಒಂದು ಸಾಲು ಇದು ಎಂಬಂತೆ ನೆಟ್ಟ ತೋಟದಲ್ಲಿ ಗಾಳಿಯೂ ಅಲ್ಪಸ್ವಲ್ಪ ಹುಳುಹುಪ್ಪಟೆಗಳೂ ಧೂಳಿಯನ್ನು ಒಯ್ದು ಕಾಯಿ ಕಟ್ಟಿಸುವುವು.

ಸಹಾಯದ ತಳಿಯನ್ನು ಆರಿಸುವಲ್ಲಿ ಗಮನಿಸತಕ್ಕ ಅಂಶಗಳು ಮೂರು. (ಒಂದು) ಎರಡೂ ತಳಿಗಳು ಒಂದೇ ಕಾಲದಲ್ಲಿ ಅರಳಬೇಕು. ನಾಲ್ಕೈದು ದಿನಗಳ ಅಂತರವೂ ಬೆಳೆಯನ್ನು ಕೆಡಿಸಬಹುದು. (ಎರಡು) ಸಹಾಯದ ತಳಿಯು ಧಾರಾಳವಾಗಿ ಜೀವವುಳ್ಳ ಧೂಳಿಯನ್ನು ಕೊಡಬೇಕು. (ಮೂರು) ಅದು ಹತ್ತಿರದಲ್ಲಿರಬೇಕು. ತೋಟದ ಒಂದು ಮೂಲೆಯಲ್ಲಿ ನೆಟ್ಟು ಮತ್ತೊಂದು ಮೂಲೆಯಲ್ಲಿ ಫಲವನ್ನು ನಿರೀಕ್ಷಿಸಿ ಪ್ರಯೋಜನವಿಲ್ಲ. ಈಚಿನ ಕಾಲದಲ್ಲಿ ಬಡಚೋನಿಯ ದ್ರಾಕ್ಷಿ ಸಂಶೋಧನ ಕೇಂದ್ರದವರು ಕೇಕ್‌ನ್ಯೆಲುವನ್ನೂ ಬುಡೈ ಜೋಲ್ಡನ್ನೂ ಕೂಡಿಸಿ ಪಡೆದ ರೋಜಾಕೋ ಎಂಬ ಹೊಸ ತಳಿಯೂ ಈ ಕೆಲಸಕ್ಕೆ ಒದಗುತ್ತಿದೆ.

೬. ಆದಾಯದ ಲೆಕ್ಕ

ಈಗ ಜಮೀನುದಾರನ ಲೆಕ್ಕವನ್ನು ನೋಡುವ. ಕೆಳಗಿನ ಅಂಕಿಗಳು ವಿಷಯವನ್ನು ವಿಶದಪಡಿಸುವುದಕ್ಕಾಗಿ ಕಲ್ಪಿಸಿಕೊಂಡವೇ ಹೊರತು ಯಾವುದೊಂದು ತೋಟದ ದಫ್ತರಿನಿಂದ ತೆಗೆದವಲ್ಲ.

ಒಂದು ಹೆಕ್ಟೇರು, ಎಂದರೆ ಸುಮಾರು ೨ ಎಕರೆ ೧೯ ಗುಂಟೆ ಜಮೀನಿನಲ್ಲಿ, ಸಾಲಿನಿಂದ ಸಾಲಿಗೆ ಎರಡೂವರೆ ಮೀಟರು, ಬಳ್ಳಿಯಿಂದ ಬಳ್ಳಿಗೆ ಒಂದು ಮೀಟರು ಬಿಟ್ಟರೆ ೪,೦೦೦ ಬಳ್ಳಿಗಳು ಹಿಡಿಯುವುವು. ಇವೆಲ್ಲವೂ ಸಾಮಾನ್ಯ ತಳಿಯಾಗಿದ್ದು ಬಳ್ಳಿಗೆ ಎರಡೂವರೆ ಕಿಲೋಗ್ರಾಮಿನಂತೆ ಹಣ್ಣು ಬಿಟ್ಟರೆ ಒಟ್ಟು ೧೦,೦೦೦ ಕಿಲೋಗ್ರಾಂ. ನೂರು ಕಿಲೋಗ್ರಾಮಿಗೆ ೬೫ ಲೀಟರಿನಂತೆ ೬,೫೦೦ ಲೀಟರು ರಸ. ಲೀಟರಿಗೆ ೧೦೦ ರೂಪಾಯಿನಂತೆ ಹಿಡಿದರೆ ಹುಟ್ಟುವಳಿ ೬,೫೦,೦೦೦ ರೂಪಾಯಿ.

ಅದೇ ಜಮೀನಿನಲ್ಲಿ ಸಾಲುಬಿಟ್ಟು ಸಾಲು ಕೇಕ್‌ನ್ಯೆಲು ಹಾಕಿದರೆ, ೨,೦೦೦ ಬಳ್ಳಿಗಳು ಸಹಾಯದ ತಳಿ, ೨,೦೦೦ ಬಳ್ಳಿಗಳು ಕೇಕ್‌ನ್ಯೆಲು. ಸಹಾಯದ ತಳಿಯಿಂದ ೩,೨೫೦ ಲೀಟರು ರಸವೂ ೩,೨೫,೦೦೦ ರೂಪಾಯಿಯೂ ಬರುವುದು. ಕೇಕ್‌ನ್ಯೆಲು ಬಳ್ಳಿಗೆ ಒಂದು ಕಿಲೋಗ್ರಾಂ ಕೊಟ್ಟರೆ ೨,೦೦೦ ಕಿಲೋಗ್ರಾಂ ಹಣ್ಣು, ೧,೩೦೦ ಲೀಟರು ರಸ. ಇದನ್ನು ಲೀಟರಿಗೆ ೨೫೦ ರೂಪಾಯಿನಂತೆ ಮಾರಿದರೆ ಮಾತ್ರ ಉಳಿದ ೩,೨೫,೦೦೦ ರೂಪಾಯಿ ಬಂದು ಎರಡು ಲೆಕ್ಕಗಳೂ ಸಮವಾಗುವುವು. ಆದಕಾರಣ ಬೆಲೆಯು ಎರಡೂವರೆ ಪಾಲಿಗಿಂತ ಹೆಚ್ಚಾಗಿ ದೊರೆತಲ್ಲದೆ ಈ ತಳಿಯು ರೈತನಿಗೆ ಕಟ್ಟಿಬಾರದು.

ಇಲ್ಲಿ ಆತುರದ ಮನುಷ್ಯನು, "ಬೆಲೆಬಾಳುವ ತಳಿಯನ್ನೇ ಪೂರ್ತಿಯಾಗಿ ನೆಟ್ಟರಾಗದೆ? ಸಾಧಾರಣದ ಆ ೨,೦೦೦ ಬಳ್ಳಿಗಳಿಗೆ ಏಕೆ ಸ್ಥಳ ಕೊಡಬೇಕು?" ಎಂದು ಕೇಳುವನು. ಹಾಗೆ ಮಾಡಿದರೆ ಧೂಳಿಯಿಲ್ಲದೆ ಬಳ್ಳಿಯೊಂದಕ್ಕೆ ಕಾಲು ಕಿಲೋಗ್ರಾಂ ಮಾತ್ರ ಬಂದಿತೆಂದಿಟ್ಟುಕೊಳ್ಳಿ. ೪,೦೦೦ ಬಳ್ಳಿಗಳಿಂದ ೧,೦೦೦ ಕಿಲೋಗ್ರಾಂ ಹಣ್ಣು, ೬೫೦ ಲೀಟರು ರಸ, ಅದೇ ೨೫೦ ರೂಪಾಯಿಯ ಬೆಲೆಗೆ ೧,೬೨,೫೦೦ ರೂಪಾಯಿ. ಹುಟ್ಟುವಳಿಯು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದುಹೋಯಿತು. ಪರಂಗಿ ತೋಟದ ಗಂಡುಮರಗಳ ಕಥೆಯೂ ಇದೇ ಅಲ್ಲವೆ?

೭. ತಳಿಯು ಕ್ಷೀಣಿಸಿದ ಬಗೆ

ಈ ತಳಿಗೆ ಎರಡು ದೊಡ್ಡ ಆಪತ್ತುಗಳು ಬಂದುವು. ಮೊದಲನೆಯದು ಫಿಲಾಕ್ಸೆರ ಎಂಬ ಬೇರುಹೇನು. ಅಮೆರಿಕದಿಂದ ಯೂರೋಪಿಗೆ ಬಂದ ಈ ಕೀಟವು ೧೮೭೫ ರಲ್ಲಿ ಹಂಗೇರಿ ರಾಜ್ಯದಲ್ಲಿ ಮೊದಲು ಕಂಡುಬಂದು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಗುಡ್ಡಗಾಡಿನ ತೋಟಗಳನ್ನು ಹಾಳುಮಾಡಿತು. ಮರಳು ನೆಲದಲ್ಲಿ ಇದು ಬದುಕಲಾರದೆಂದು ತಿಳಿದು ಅನೇಕರು ಬಯಲುಸೀಮೆಯ ಮರಳಿನಲ್ಲಿ ತೋಟ ಹಾಕಿದರು. ಗುಡ್ಡಗಳಲ್ಲಿಯಾದರೋ ಹೇನನ್ನು ತಾಳಬಲ್ಲ ಅಮೆರಿಕದ ಬೇರುಗಿಡಗಳ ಮೇಲೆ ಕಸಿಮಾಡುವುದೊಂದೇ ದಾರಿಯಾಯಿತು. ಈ ಕೆಲಸದಲ್ಲಿ ಪೇಚ್ ಪಟ್ಟಣದ ಜಿಗ್ಮೊಂಡ್ ಟೆಲೆಕಿ ಎಂಬವರ (೧೮೫೪–೧೯೧೦) ಹೆಸರು ಚಿರಸ್ಮರಣೀಯವಾದದ್ದು. ಅವರು ೧೮೯೬ ರಲ್ಲಿ ಫ್ರಾನ್ಸಿನಿಂದ ಬೀಜವನ್ನು ತರಿಸಿ, ಸಾವಿರಾರು ಸಸಿಗಳನ್ನೆಬ್ಬಿಸಿ, ಸುಣ್ಣದ ನೆಲವನ್ನೂ ಹೇನನ್ನೂ ತಡೆಯಬಲ್ಲವನ್ನು ಆರಿಸಿದರು. ಅವರ ಸಸಿಗಳಿಂದ ಬಂದ ಬೇರುಗಿಡಗಳು ಇಂದಿಗೂ ಅನೇಕ ದೇಶಗಳ ತೋಟಗಳಿಗೆ ಆಧಾರವಾಗಿವೆ. ನಮ್ಮ ನಾಡಿನಲ್ಲಿ ಚೌಳು ನೆಲ, ನೀರಿನ ಕೊರತೆ ಇವುಗಳಿಗಾಗಿ ಡಾಗ್ರಿಡ್ಜ್ ಎಂಬ ಅಮೆರಿಕದ ಬೇರುಗಿಡದ ಮೇಲೆ ಕಸಿಮಾಡುವ ಕ್ರಮವೂ ಇದೇ ತತ್ತ್ವವನ್ನು ಅನುಸರಿಸಿದ್ದು.

ತೋಟಗಳನ್ನೆಲ್ಲ ಹೊಸದಾಗಿ ನೆಡಬೇಕಾಗಿ ಬಂದ ಆ ಸಮಯದಲ್ಲಿ ಸಾಲ ಮಾಡಿ ಕಸಿಗಿಡ ಕೊಂಡ ರೈತನು ಖಂಡಿತವಾಗಿ ಫಲ ಕೊಡುವ ತಳಿಗಳನ್ನೇ ಆರಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವನನ್ನು ದೂಷಿಸುವುದೂ ನ್ಯಾಯವಲ್ಲ.

ಎರಡನೆಯ ಆಪತ್ತು ಎರಡನೆಯ ಮಹಾಯುದ್ಧದ ತರುವಾಯ ಬಂದಿತು. ೧೯೪೯ ರಿಂದ ಸಮಾಜಸತ್ತೆಯ ಸರ್ಕಾರವು ಜಮೀನುಗಳನ್ನು ಸರ್ಕಾರಿ ಫಾರಮುಗಳಿಗೂ ಸಾಮೂಹಿಕ ಸಂಘಗಳಿಗೂ ಸೇರಿಸತೊಡಗಿ, ೧೯೬೧ ರ ವೇಳೆಗೆ ಈ ಕಾರ್ಯವು ಬಹುಮಟ್ಟಿಗೆ ಮುಗಿಯಿತು. ದೊಡ್ಡ ಫಾರಮಿನ ಅಧಿಕಾರಿಗೆ ತೂಕವೇ ಗುರಿ. ಹೆಕ್ಟೇರಿಗೆ ಇಷ್ಟು ಎಂದು ಒಪ್ಪಿಸಬೇಕು. ಯಂತ್ರ ಓಡಿಸಲು ಅಗಲವಾದ ಸಾಲು, ಸಮವಾದ ನೆಲ, ಒಂದೇ ಬಗೆಯ ತಳಿ ಬೇಕು. ಕಡಿದಾದ ಇಳಿಜಾರು, ಸಾಲುಬಿಟ್ಟು ಸಾಲು ಎರಡು ತಳಿ, ಒಂದು ವರ್ಷವುಂಟು ಒಂದು ವರ್ಷವಿಲ್ಲ ಎಂಬ ಫಲ, ಇವು ಯಾವುವೂ ಆ ಕ್ರಮಕ್ಕೆ ಹೊಂದಲಿಲ್ಲ. ಕೇಕ್‌ನ್ಯೆಲು ಎಂಬ ಹೆಸರು ಪ್ರಸಿದ್ಧವಾಗಿಯೇ ಇದ್ದರೂ ಬಳ್ಳಿಯು ಮಾತ್ರ ತೋಟಗಳಿಂದ ಮಾಯವಾಗುತ್ತ ಬಂದಿತು.

ಅದು ಸಂಪೂರ್ಣವಾಗಿ ಅಳಿಯದೆ ಉಳಿದದ್ದು ಕೆಲವು ಕುಟುಂಬಗಳ ಸಣ್ಣ ತೋಟಗಳಲ್ಲಿ ಮತ್ತು ಸಂಶೋಧನ ಕೇಂದ್ರದ ತಾಕುಗಳಲ್ಲಿ. ತಾಯಿಬಳ್ಳಿಗಳೆಲ್ಲ ಹೋಗಿದ್ದ ಪಕ್ಷದಲ್ಲಿ ಬೀಜವನ್ನು ಬಿತ್ತಿ ಅದನ್ನು ಮರಳಿ ಪಡೆಯುವುದು ಅಸಾಧ್ಯವಾಗುತ್ತಿತ್ತು. ಏಕೆಂದರೆ ದ್ರಾಕ್ಷಿಯ ಬೀಜದಿಂದ ಹುಟ್ಟಿದ ಸಸಿಯು ಎಂದಿಗೂ ತಾಯಿಯ ಪಡಿಯಚ್ಚಾಗುವುದಿಲ್ಲ. ಕಡ್ಡಿಯು ಉಳಿದರೆ ಮಾತ್ರ ತಳಿಯು ಉಳಿಯುವುದು.

೮. ಸಣ್ಣ ಹಿಡುವಳಿದಾರರ ಕೆಲಸ

೧೯೮೯–೯೦ ರಲ್ಲಿ ಹಂಗೇರಿಯ ರಾಜ್ಯಪದ್ಧತಿಯು ಬದಲಾಗಿ, ಜಮೀನುಗಳು ಮತ್ತೆ ಖಾಸಗಿ ಒಡೆತನಕ್ಕೆ ಬಂದುವು. ಬಡಚೋನಿಯಲ್ಲಿ ಅನೇಕರಿಗೆ ದೊರೆತದ್ದು ಚಿಕ್ಕ ಚಿಕ್ಕ ತುಂಡುಗಳು. ಇಷ್ಟು ಸಣ್ಣ ಹಿಡುವಳಿಯಲ್ಲಿ ಸಾಧಾರಣ ದ್ರಾಕ್ಷಿಯನ್ನು ಬೆಳೆದು ದೊಡ್ಡ ಕಾರ್ಖಾನೆಗೆ ತೂಕದ ಮೇಲೆ ಮಾರಿದರೆ ಸಂಸಾರ ಸಾಗದು. ಬಯಲಿನ ದೊಡ್ಡ ತೋಟದವನೊಡನೆ ತೂಕದಲ್ಲಿ ಸ್ಪರ್ಧಿಸುವುದಕ್ಕೆ ಗುಡ್ಡದ ಸಣ್ಣ ರೈತನಿಂದ ಎಂದಿಗೂ ಆಗದು. ಬೇರೆಲ್ಲಿಯೂ ಸುಲಭವಾಗಿ ದೊರೆಯದ ಪದಾರ್ಥವನ್ನು ತಾನೇ ತಯಾರಿಸಿ, ತನ್ನ ಹೆಸರಿನಲ್ಲಿಯೇ ಮಾರುವುದೊಂದೇ ಅವನಿಗುಳಿದ ದಾರಿ. ಹೀಗೆ ಹಿಂದೆ ದೋಷವೆನಿಸಿಕೊಂಡಿದ್ದ ತಳಿಯೇ ಸಣ್ಣವನಿಗೆ ಆಸ್ತಿಯಾಯಿತು. ಸಂಶೋಧನ ಕೇಂದ್ರದವರು ಆರೋಗ್ಯವುಳ್ಳ ಬಳ್ಳಿಗಳನ್ನು ಆರಿಸಿ ಕಡ್ಡಿಗಳನ್ನು ಒದಗಿಸಿದರು. ಕೆಲವು ಕುಟುಂಬಗಳು ಮತ್ತೆ ನೆಟ್ಟುವು. ಈಗಲೂ ಇದರ ಸಾಗುವಳಿಯ ವಿಸ್ತೀರ್ಣವು ಅಲ್ಪವೇ. ಆದರೆ ತಳಿಯು ಅಳಿಯುವುದೆಂಬ ಭಯವು ದೂರವಾಗಿದೆ.

ಇಂಥ ಕುಟುಂಬದಲ್ಲಿ ಕೆಲಸವು ನಡೆಯುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಹಣ್ಣನ್ನು ಕೈಯಿಂದಲೇ ಕೊಯ್ದು, ಒಂದರ ಭಾರದಿಂದ ಮತ್ತೊಂದು ನಜ್ಜುಗುಜ್ಜಾಗದಂತೆ ಸಣ್ಣ ಪೆಟ್ಟಿಗೆಗಳಲ್ಲಿ ತರುವರು. ಕೊಯ್ಲಿಗೆ ಮೊದಲು ರಸದ ಸಕ್ಕರೆಯನ್ನು ಅಳೆಯುವರು. ಒಂದು ಲೀಟರು ರಸದಲ್ಲಿ ಸುಮಾರು ೧೭ ಗ್ರಾಂ ಸಕ್ಕರೆಯಿದ್ದರೆ ಮದ್ಯಸಾರವು ನೂರಕ್ಕೆ ಒಂದು ಪಾಲು ಬರುವುದೆಂಬುದು ಸಾಮಾನ್ಯವಾದ ಲೆಕ್ಕ. ಹಣ್ಣನ್ನು ಮೆಲ್ಲಗೆ ಹಿಂಡಿ, ರಸವನ್ನು ಒಂದು ರಾತ್ರಿ ತಣ್ಣಗಿಟ್ಟು, ಗಸಿಯು ಕೆಳಗಿಳಿದ ಮೇಲೆ ತಿಳಿಯನ್ನು ಓಕ್ ಮರದ ಪೀಪಾಯಿಗೋ ಉಕ್ಕಿನ ತೊಟ್ಟಿಗೋ ತುಂಬುವರು. ಹುದುಗು ಏರುವಾಗ ಕಾವು ಹೆಚ್ಚಿದರೆ ಪರಿಮಳವು ಹಾರಿಹೋಗುವುದರಿಂದ ನೆಲಮಾಳಿಗೆಯ ತಂಪು ಅವಶ್ಯಕ. ಹುದುಗು ಮುಗಿದ ಬಳಿಕ ಪೀಪಾಯಿಯು ಸದಾ ಕಂಠದವರೆಗೆ ತುಂಬಿರಬೇಕು. ಮರದ ಮೂಲಕ ಆರಿಹೋದಷ್ಟನ್ನು ಆಗಾಗ ತುಂಬದಿದ್ದಲ್ಲಿ ಗಾಳಿ ತಗುಲಿ ಎಲ್ಲವೂ ಹುಳಿತು ಕೆಡುವುದು. ಪಾತ್ರೆಗಳ ಶುಚಿ, ಮಿತವಾದ ಗಂಧಕದ ಧೂಮ, ತಾಳ್ಮೆ, ಇವು ಮೂರೇ ಆ ನೆಲಮಾಳಿಗೆಯ ಮುಖ್ಯ ನಿಯಮಗಳು. ವರ್ಷದ ದುಡಿತವೆಲ್ಲವೂ ನಾಲ್ಕಾರು ಪೀಪಾಯಿಗಳಲ್ಲಿರುವ ರೈತನಿಗೆ ಒಂದು ಪೀಪಾಯಿ ಕೆಟ್ಟರೂ ಭಾರಿಯಾದ ನಷ್ಟ.

ತೋಟದಲ್ಲಿ ಬೂದಿರೋಗಕ್ಕೆ ಗಂಧಕವನ್ನೂ, ಎಲೆಯ ಕೆಳಗೆ ಬೂಷ್ಟು ಹಿಡಿಯುವ ರೋಗಕ್ಕೆ ತಾಮ್ರದ ಔಷಧವನ್ನೂ ಉಪಯೋಗಿಸುವರು. ಮಲೆನಾಡಿನ ನಮ್ಮ ರೈತರು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ೧೮೮೦ ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಈ ರೋಗಕ್ಕಾಗಿಯೇ ಮೊದಲು ರೂಢಿಗೆ ಬಂದದ್ದೆಂಬುದು ವಾಚಕರಿಗೆ ಸ್ವಾರಸ್ಯವಾಗಿ ತೋರಬಹುದು.

೯. ಗುಡ್ಡದ ಪಂಚಾಯಿತಿ

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಹಂಗೇರಿಯ ದ್ರಾಕ್ಷಿ ಸೀಮೆಗಳಲ್ಲಿ ಹೆಜ್‌ಕೋಸೇಗ್ ಎಂಬ ಸಂಸ್ಥೆಯು ಪೂರ್ವಕಾಲದಿಂದ ಬಂದದ್ದು. ಇದನ್ನು ನಾವು ಗುಡ್ಡದ ಪಂಚಾಯಿತಿಯೆಂದು ಕರೆಯಬಹುದು. ಒಂದು ಗುಡ್ಡದಲ್ಲಿ ದ್ರಾಕ್ಷಿ ಬೆಳೆಯುವವರೆಲ್ಲರೂ ಇದರ ಸದಸ್ಯರು. ಹಿಂದಿನ ಕಾಲದಲ್ಲಿ ದಾರಿ, ಬೇಲಿ, ಕಾವಲು, ಕೊಯ್ಲು, ಕಳ್ಳತನಕ್ಕೆ ದಂಡ, ಇವುಗಳನ್ನೆಲ್ಲ ಗುಡ್ಡದ ಕಟ್ಟಳೆಯೆಂಬ ನಿಯಮಗಳ ಪ್ರಕಾರ ಇವರೇ ನಡೆಸುತ್ತಿದ್ದರು. ಸಮಾಜಸತ್ತೆಯ ಕಾಲದಲ್ಲಿ ಈ ಸಂಸ್ಥೆಯು ನಿಂತುಹೋಗಿದ್ದಿತು. ೧೯೯೪ ರಲ್ಲಿ ಕಾನೂನಿನ ಮೂಲಕ ಮತ್ತೆ ಸ್ಥಾಪಿತವಾಯಿತು.

ಇದರ ಅಧಿಕಾರಿಗೆ ಗುಡ್ಡದ ನ್ಯಾಯಾಧಿಪತಿ ಎಂಬರ್ಥದ ಹೆಸರಿದೆ. ಯಾರ ತೋಟದಲ್ಲಿ ಯಾವ ತಳಿಯು ಎಷ್ಟು ವಿಸ್ತೀರ್ಣದಲ್ಲಿದೆ ಎಂಬ ದಫ್ತರನ್ನು ಇಡುವುದೂ, ಕೊಯ್ಲಿನ ಲೆಕ್ಕವನ್ನು ತೆಗೆದುಕೊಳ್ಳುವುದೂ, ಮದ್ಯವು ನಿಜವಾಗಿ ಇಂಥ ಗುಡ್ಡದ ಇಂಥ ತಳಿಯಿಂದಲೇ ಆದದ್ದೆಂದು ಹುಟ್ಟಿನ ದಾಖಲೆಯನ್ನು ಕೊಡುವುದೂ ಅವನ ಕರ್ತವ್ಯ. ಈ ದಾಖಲೆಯ ಬೆಲೆ ಎಷ್ಟೆಂಬುದು ಮೇಲಿನ ಲೆಕ್ಕವನ್ನು ನೋಡಿದವರಿಗೆ ತಾನಾಗಿಯೇ ತಿಳಿಯುವುದು. ಎರಡೂವರೆ ಪಾಲು ಬೆಲೆ ದೊರೆತರೆ ಮಾತ್ರ ಕೇಕ್‌ನ್ಯೆಲು ಬೆಳೆಯುವವನು ಬದುಕುವನು. ಯಾರೋ ಒಬ್ಬನು ಸಾಧಾರಣ ಮದ್ಯಕ್ಕೆ ಈ ಹೆಸರನ್ನು ಅಂಟಿಸಿ ಅಗ್ಗವಾಗಿ ಮಾರಿದರೆ, ನಿಜವಾಗಿ ಬೆಳೆದವನ ಸಾಲುಗಳು ಎರಡು ಮೂರು ವರ್ಷಗಳಲ್ಲಿ ಕೊಡಲಿಗೆ ಗುರಿಯಾಗುವುವು. ಆದಕಾರಣ ತಳಿಯನ್ನು ಉಳಿಸುವುದರಲ್ಲಿ ಕಡ್ಡಿಯನ್ನು ನೆಟ್ಟ ರೈತನಿಗೆ ಎಷ್ಟು ಪಾಲೋ, ಸುಳ್ಳಿಲ್ಲದ ದಫ್ತರನ್ನು ಇಟ್ಟ ಊರಿನವರಿಗೂ ಅಷ್ಟೇ ಪಾಲು.

ನಮ್ಮಲ್ಲಿಯೂ ಬೆಂಗಳೂರು ನೀಲಿದ್ರಾಕ್ಷಿ, ನಂಜನಗೂಡಿನ ರಸಬಾಳೆ, ಮೈಸೂರು ಮಲ್ಲಿಗೆ ಮೊದಲಾದವುಗಳಿಗೆ ಸ್ಥಳದ ಹೆಸರಿನ ಮೇಲೆ ಸರ್ಕಾರದ ರಕ್ಷಣೆ ದೊರೆತಿದೆ. ರಕ್ಷಣೆಯ ಪತ್ರವಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಾವ ತೋಟದಲ್ಲಿ ನಿಜವಾದ ತಳಿಯಿದೆ, ಕಂದು ಅಥವಾ ಕಡ್ಡಿಯು ಯಾರ ಬಳಿ ಶುದ್ಧವಾಗಿ ದೊರೆಯುವುದು ಎಂಬುದನ್ನು ಊರಿನವರೇ ಬರೆದಿಡದಿದ್ದಲ್ಲಿ ಹೆಸರು ಮಾತ್ರ ಉಳಿದು ವಸ್ತುವು ಹೋಗುವುದು.

೧೦. ಜ್ಞಾಪಕದಲ್ಲಿಡತಕ್ಕ ಅಂಶಗಳು

(ಅ) ಫಲ ಕಡಮೆಯಾದ ತಳಿಯನ್ನು ಕೀಳುವ ಮೊದಲು ಕಾರಣವನ್ನು ಹುಡುಕಬೇಕು. ದೋಷವು ಹೂವಿನಲ್ಲಿದೆಯೋ, ಬೇರಿನಲ್ಲಿದೆಯೋ, ನೆಲದಲ್ಲಿದೆಯೋ ಎಂಬುದನ್ನು ಹೂಗಾಲದಲ್ಲಿ ತೋಟಕ್ಕೆ ಹೋಗಿಯೇ ನೋಡತಕ್ಕದ್ದು.

(ಆ) ತಾನು ಹೆಚ್ಚು ಬೆಲೆ ತಾರದಿದ್ದರೂ ಪಕ್ಕದ ಸಾಲಿಗೆ ಫಲ ಕೊಡಿಸುವ ಗಿಡವುಂಟು. ಅದರ ಲೆಕ್ಕವನ್ನು ಬೇರೆಯಾಗಿ ಹಾಕದೆ ಇಡೀ ತೋಟದ ಲೆಕ್ಕದಲ್ಲಿಯೇ ಹಾಕಬೇಕು.

(ಇ) ಕಡ್ಡಿ ಅಥವಾ ಕಂದಿನಿಂದ ಬೆಳೆಯುವ ತಳಿಯು ಒಂದು ಸಾರಿ ಅಳಿದರೆ ಬೀಜದಿಂದ ಹಿಂತಿರುಗಿ ಬಾರದು. ಸಾಗುವಳಿಯನ್ನು ಬದಲಾಯಿಸುವವರು ಹಳೆಯ ತಳಿಯ ನಾಲ್ಕು ಗಿಡಗಳನ್ನಾದರೂ ಒಂದು ಮೂಲೆಯಲ್ಲಿ ಉಳಿಸುವುದು ಕ್ಷೇಮ.

(ಈ) ತೂಕದಲ್ಲಿ ದೊಡ್ಡವನೊಡನೆ ಸ್ಪರ್ಧಿಸಲಾರದ ಸಣ್ಣ ಹಿಡುವಳಿದಾರನು ಗುಣದಲ್ಲಿ ಸ್ಪರ್ಧಿಸಬಹುದು. ಆದರೆ ಬೆಲೆಯು ಎಷ್ಟು ಪಾಲು ಹೆಚ್ಚಿದರೆ ಕಟ್ಟಿಬರುವುದೆಂಬುದನ್ನು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕದೆ ಕೈಹಚ್ಚಬಾರದು.

(ಉ) ಊರಿನ ಹೆಸರಿನಲ್ಲಿ ಮಾರುವ ಪದಾರ್ಥಕ್ಕೆ ಊರಿನವರೇ ಹೊಣೆಗಾರರು. ಒಬ್ಬನ ಕಲಬೆರಕೆಯು ಎಲ್ಲರ ಬೆಲೆಯನ್ನೂ ಇಳಿಸುವುದು.

ಈ ವರ್ಷದ ಹೂಗಾಲ ಬರುವುದರೊಳಗೆ ಪ್ರತಿಯೊಂದು ಗ್ರಾಮದ ಮುಖಂಡರೂ ತಮ್ಮ ಎಲ್ಲೆಯಲ್ಲಿ ಒಂದೆರಡೇ ತೋಟಗಳಲ್ಲಿ ಉಳಿದಿರುವ ಹಳೆಯ ಹಣ್ಣಿನ ತಳಿಗಳ ಪಟ್ಟಿಯೊಂದನ್ನು ತಯಾರಿಸಿ, ತೋಟದ ಯಜಮಾನರ ಹೆಸರು, ಮರಗಳ ಸಂಖ್ಯೆ, ಫಲದ ಸ್ಥಿತಿ ಇವುಗಳನ್ನು ಬರೆದಿಡುವುದು ಯುಕ್ತವಾಗಿರುತ್ತದೆ. ಇದಕ್ಕೆ ಒಂದು ನೋಟುಬುಕ್ಕೂ ಎರಡು ದಿನಗಳ ಓಡಾಟವೂ ಸಾಕು. ಕಡಮೆ ಫಲ ಕೊಡುವ ಮರವೆಂದು ಕೊಡಲಿ ಎತ್ತಿದವರು ಯಾರಾದರೂ ಇದ್ದರೆ, ಒಂದು ಹೂಗಾಲದವರೆಗೆ ತಡೆಯುವಂತೆ ಅವರಿಗೆ ದಯವಿಟ್ಟು ತಿಳಿಸತಕ್ಕದ್ದು.